ಅನ್ನವಿಟ್ಟು ಅರಿವನ್ನು ಸಾಕಿದ ಊರು

ಟ್ಯೂಬಿಂಗೆನ್ ನಗರದಲ್ಲಿ ಶರತ್ಕಾಲದ ಮೂರು ದಿನ

“ದೇಶ ಸುತ್ತು, ಕೋಶ ಓದು” ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಎರಡರಲ್ಲಿ ಒಂದನ್ನಾದರೂ ಮಾಡಿದವನು ತಿಳಿವಳಿಕೆಯುಳ್ಳವನಾಗುವನೆಂಬುದು ಅವರ ಅಭಿಪ್ರಾಯ. ನಮ್ಮ ಪಾಲಿಗೆ ಬಹುಕಾಲ ಒದಗಿದ್ದು ಎರಡನೆಯದು ಮಾತ್ರ. ಮಠದ ಪಾಠಶಾಲೆಯಲ್ಲಿ ನಾವು ಓದುತ್ತಿದ್ದಾಗ ಪುಸ್ತಕ ಭಂಡಾರದ ಕೆಳಗಣ ಹಲಗೆಯ ಮೇಲೆ ರಟ್ಟು ಸಡಿಲವಾದ ಒಂದು ಭಾರಿ ಗ್ರಂಥವಿತ್ತು. ಪಾಠದ ನಡುವೆ ಹಳಗನ್ನಡದ ಯಾವುದಾದರೊಂದು ಮಾತಿಗೆ ಅರ್ಥ ಹತ್ತದಿದ್ದರೆ ಗುರುಗಳು “ಕಿಟೆಲ್ ತಾ” ಎನ್ನುತ್ತಿದ್ದರು. ಹನ್ನೆರಡು ವರ್ಷದ ನಾವು ಅದನ್ನು ಎರಡೂ ಕೈಗಳಿಂದ ಎದೆಗವಚಿ ಹೊತ್ತು ತರುತ್ತಿದ್ದೆವು. ಕಿಟೆಲ್ ಎಂಬುದು ಅಂಥ ದಪ್ಪ ಪುಸ್ತಕಗಳ ಜಾತಿಗೇ ಇರುವ ಹೆಸರೆಂದು ನಾವು ಬಹುದಿನ ನಂಬಿದ್ದೆವು. ಅದು ಒಬ್ಬ ಮನುಷ್ಯನ ಹೆಸರು, ಆತನು ಜರ್ಮನಿಯವನು, ಪರದೇಶದಿಂದ ಬಂದು ಕನ್ನಡ ಕಲಿತು 70,000 ಪದಗಳ ಕೋಶವನ್ನು ಕಟ್ಟಿದನೆಂಬುದು ಆಮೇಲೆ ತಿಳಿಯಿತು.

ಫರ್ಡಿನಂಡ್ ಕಿಟೆಲ್ ಅವರ ನಿಘಂಟು 1894 ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎರಡು ವರ್ಷಗಳ ತರುವಾಯ, 1896 ರಲ್ಲಿ, ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರೇಟ್ ಪದವಿಯನ್ನಿತ್ತು ಗೌರವಿಸಿತು. ಅದೇ ಊರಿನಲ್ಲಿ 1903 ರ ಡಿಸೆಂಬರ್ ತಿಂಗಳಲ್ಲಿ ಅವರು ಕೊನೆಯುಸಿರೆಳೆದರು. ಆದ್ದರಿಂದ ಸ್ಟಟ್‌ಗಾರ್ಟಿನಲ್ಲಿ ಉದ್ಯೋಗದಲ್ಲಿರುವ ನಮ್ಮ ತಮ್ಮನ ಮಗನು “ದೊಡ್ಡಪ್ಪಾ, ಒಮ್ಮೆಯಾದರೂ ಬಂದು ಹೋಗಿರಿ” ಎಂದು ಆಗ್ರಹಪಡಿಸಿ ಕರೆಸಿಕೊಂಡಾಗ, ಯಾವ ಯಾವ ಊರುಗಳನ್ನು ನೋಡುವಿರೆಂದು ಅವನು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಒಂದೇ ಉತ್ತರವಿತ್ತು. ದೇಶ ಸುತ್ತುವುದೂ ಕೋಶ ಓದುವುದೂ ಕೂಡುವ ಊರು ನಮಗೆ ಅದೊಂದೇ. ಪ್ಯಾರಿಸ್ಸಿನ ಗೋಪುರವನ್ನು ಬಿಟ್ಟು ಈ ಸಣ್ಣ ಊರಿಗೇಕೆ ಹೋಗುವಿರೆಂದು ಅವನಿಗೆ ಆಶ್ಚರ್ಯವಾಯಿತು. ಆದರೂ ನಡೆಸಿಕೊಟ್ಟನು.

ಹೊಳೆಯ ದಂಡೆಯ ಊರು

ಸ್ಟಟ್‌ಗಾರ್ಟಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪಯಣ. ಅದು ಸೆಪ್ಟೆಂಬರ್ ತಿಂಗಳ ಕೊನೆಯ ವಾರ. ನಮ್ಮ ನಾಡಿನಲ್ಲಿ ಜೋಳದ ಬಿತ್ತನೆಗೆ ಹೊಲಗಳು ಹದಗೊಳ್ಳುವ ಆ ದಿನಗಳು ಅಲ್ಲಿ ಸುಗ್ಗಿ ಮುಗಿದು ಚಳಿಗೆ ಬಾಗಿಲು ತೆರೆಯುವ ದಿನಗಳು. ಸೇಬಿನ ಮರಗಳ ಕೆಳಗೆ ಹಣ್ಣು ಉದುರಿ ಬಿದ್ದಿತ್ತು. ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿಯ ಬಳ್ಳಿಗಳು ಸಾಲು ಸಾಲಾಗಿ ಹಳದಿಗೆ ತಿರುಗುತ್ತಿದ್ದವು. ಹೊತ್ತು ಮೂಡುವುದು ಏಳು ಗಂಟೆಯ ಮೇಲೆ. ಮೂಡಿದ ಮೇಲೂ ಹೊಳೆಯ ಮೇಲಿನ ಮಂಜು ಬಹಳ ಹೊತ್ತು ಕರಗುವುದಿಲ್ಲ. ನಸುಕಿನಲ್ಲಿ ತಣ್ಣೀರು ಮಿಂದು ವಿಭೂತಿ ಧರಿಸಿ, ಬಾಡಿಗೆಗೆ ಹಿಡಿದ ಚಿಕ್ಕ ಕೋಣೆಯಲ್ಲಿ ಇಷ್ಟಲಿಂಗಪೂಜೆಗೆ ಕುಳಿತಾಗ ಬೆರಳುಗಳು ಸೆಟೆದುಕೊಂಡವೇ ಹೊರತು ಮನಸ್ಸಿಗೆ ಪರಸ್ಥಳವೆನಿಸಲಿಲ್ಲ. ದೇವರನ್ನು ಅಂಗದ ಮೇಲೆ ಧರಿಸಿದವನಿಗೆ ದೇವಾಲಯವನ್ನು ಹುಡುಕುವ ಪ್ರಮೇಯವಿಲ್ಲವೆಂದು ನಾವು ವರ್ಷಗಟ್ಟಲೆ ಉಪನ್ಯಾಸಗಳಲ್ಲಿ ಹೇಳಿದ್ದೇವೆ. ಅದು ಎಷ್ಟು ನಿಜವೆಂಬುದನ್ನು ಅಲ್ಲಿ ಅನುಭವಿಸಿದೆವು.

ಟ್ಯೂಬಿಂಗೆನ್ ನೆಕ್ಕರ್ ನದಿಯ ದಂಡೆಯ ಮೇಲಿದೆ. ಸುಮಾರು 90,000 ಜನರ ಊರು. ಅವರಲ್ಲಿ ಮೂವರಿಗೊಬ್ಬರಂತೆ ವಿದ್ಯಾರ್ಥಿಗಳು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಅನೇಕ ಪಟ್ಟಣಗಳು ಬೂದಿಯಾದಾಗ ಈ ಊರು ಬಹುಮಟ್ಟಿಗೆ ಉಳಿದುಕೊಂಡಿತು. ಅದರಿಂದಾಗಿ ಮರದ ತೊಲೆಗಳ ಚೌಕಟ್ಟಿನ ನಡುವೆ ಮಣ್ಣು ಗಾರೆ ತುಂಬಿ ಕಟ್ಟಿದ ನೂರಾರು ವರ್ಷಗಳ ಮನೆಗಳು ಇಂದಿಗೂ ಒಂದಕ್ಕೊಂದು ಹೆಗಲುಕೊಟ್ಟು ನಿಂತಿವೆ. ನದಿಯ ನಡುವಣ ಉದ್ದನೆಯ ನಡುಗಡ್ಡೆಯಲ್ಲಿ ಮುಗಿಲೆತ್ತರದ ಪ್ಲೇನ್ ಮರಗಳ ಎರಡು ಸಾಲುಗಳಿವೆ. ಅಂಗೈಯಗಲದ ಅವುಗಳ ಎಲೆಗಳು ಒಂದೊಂದಾಗಿ ನೀರಿನ ಮೇಲೆ ಇಳಿಯುತ್ತಿದ್ದವು. ಉದ್ದನೆಯ ಗಳುವಿನಿಂದ ನೆಲವನ್ನು ಮೀಟುತ್ತ ಸಾಗಿಸುವ ಚಪ್ಪಟೆ ದೋಣಿಗಳನ್ನು ಅಲ್ಲಿ ಕಂಡಾಗ ನಮ್ಮ ತುಂಗಭದ್ರೆಯ ಅಂಬಿಗರ ನೆನಪು ಬಾರದಿರಲಿಲ್ಲ.

ಮೊದಲನೆಯ ದಿನ ಶುಕ್ರವಾರ. ಪುರಭವನದ ಮುಂದಿನ ಇಳಿಜಾರು ಚೌಕದಲ್ಲಿ ಸಂತೆ ಕೂಡಿತ್ತು. ಕುಂಬಳಕಾಯಿ, ಸೇಬು, ನೇರಳೆ ಬಣ್ಣದ ಪ್ಲಮ್ ಹಣ್ಣುಗಳ ರಾಶಿ. ರೈತರು ತಮ್ಮ ಬೆಳೆಯನ್ನು ತಾವೇ ಮಾರುತ್ತಿದ್ದರು. ಪುರಭವನವನ್ನು ಕಟ್ಟಿದ್ದು 1435 ರಲ್ಲಿ. ಅದರ ಮುಂಗೋಡೆಯ ಮೇಲೆ ಯೋಹಾನೆಸ್ ಸ್ಟಾಫ್ಲರ್ ಎಂಬ ಖಗೋಳಜ್ಞನು 1511 ರಲ್ಲಿ ರಚಿಸಿದ ಗಡಿಯಾರವಿದೆ. ಚಂದ್ರನ ಕಲೆಗಳನ್ನೂ ರಾಶಿಚಕ್ರವನ್ನೂ ಅದು ತೋರಿಸುತ್ತದೆ. ಈ ಸ್ಟಾಫ್ಲರ್ ಪಂಚಾಂಗಕರ್ತನೂ ಹೌದು. 1499 ರಲ್ಲಿ ಅವನು ಪ್ರಕಟಿಸಿದ ಪಂಚಾಂಗವು 1524 ರ ಫೆಬ್ರವರಿಯಲ್ಲಿ ಗ್ರಹಗಳೆಲ್ಲ ಮೀನರಾಶಿಯಲ್ಲಿ ಕೂಡುವುದರಿಂದ ಲೋಕದಲ್ಲಿ ದೊಡ್ಡ ಪಲ್ಲಟವಾಗುವುದೆಂದು ಸಾರಿತು. ಜಲಪ್ರಳಯವೇ ಬಂದೀತೆಂದು ಯುರೋಪಿನ ತುಂಬ ಜನ ಬೆದರಿದರು. ಪ್ರಳಯ ಬರಲಿಲ್ಲ. ಗಡಿಯಾರ ಮಾತ್ರ ಉಳಿಯಿತು. ಶುಭಾಶುಭ ಘಳಿಗೆಗಳನ್ನು ನೆಚ್ಚಬೇಡಿರೆಂದು ಅದಕ್ಕೂ ಮುನ್ನೂರೈವತ್ತು ವರ್ಷಗಳ ಹಿಂದೆಯೇ ನಮ್ಮ ಶರಣರು ಹೇಳಿದ್ದನ್ನು ನೆನೆದು ನಕ್ಕೆವು. ಆದರೂ ಇಂದಿಗೂ ಮದುವೆಯ ಮುಹೂರ್ತ ಕೇಳಲು ನಮ್ಮಲ್ಲಿಗೇ ಬರುವ ಶರಣಬಂಧುಗಳನ್ನು ನೆನೆದಾಗ ನಗೆ ಅರ್ಧಕ್ಕೇ ನಿಂತಿತು.

ಬಡವರ ಮಕ್ಕಳ ಅನ್ನಛತ್ರ

ಊರನ್ನು ನೋಡಲು ಬಂದವರು ಸಾಮಾನ್ಯವಾಗಿ ಇಗರ್ಜಿಯ ಗೋಪುರವನ್ನೂ ಕೋಟೆಯನ್ನೂ ನೋಡುತ್ತಾರೆ. ನಮ್ಮ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ನದಿಯ ಮೇಲಣ ದಿಬ್ಬದಲ್ಲಿರುವ ಒಂದು ಉದ್ದನೆಯ ಕಟ್ಟಡ. ಅದಕ್ಕೆ ‘ಸ್ಟಿಫ್ಟ್’ ಎಂದು ಹೆಸರು. ಮೊದಲು ಅದು ಅಗಸ್ಟೀನ್ ಸಂಪ್ರದಾಯದ ಸನ್ಯಾಸಿಗಳ ಮಠವಾಗಿತ್ತು. ವ್ಯುರ್ಟೆಂಬರ್ಗ್ ರಾಜ್ಯದ ಅರಸನಾದ ಉಲ್ರಿಕ್ 1536 ರಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಒಂದು ವಿದ್ಯಾನಿಲಯವನ್ನು ಸ್ಥಾಪಿಸಿದನು. ಹತ್ತು ಹನ್ನೊಂದು ವರ್ಷಗಳ ಬಳಿಕ ಅದು ಈ ಹಳೆಯ ಮಠದ ಕಟ್ಟಡಕ್ಕೆ ಬಂದಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗರಿಗೆ ಅಲ್ಲಿ ಊಟ, ವಸತಿ, ಪಾಠ ಎಲ್ಲವೂ ಉಚಿತ. ಓದು ಮುಗಿದ ಮೇಲೆ ಪಾದ್ರಿಗಳಾಗಿಯೋ ಉಪಾಧ್ಯಾಯರಾಗಿಯೋ ನಾಡಿಗೆ ಸೇವೆ ಸಲ್ಲಿಸಬೇಕೆಂಬುದೇ ಪ್ರತಿಯಾದ ಕರಾರು.

ಓದುಗರೇ, ಆ ಅನ್ನವನ್ನು ಉಂಡವರು ಯಾರು ಯಾರೆಂದು ನೋಡಿರಿ. 1589 ರಲ್ಲಿ ಯೋಹಾನೆಸ್ ಕೆಪ್ಲರ್ ಎಂಬ ಹುಡುಗನು ಇಲ್ಲಿಗೆ ಬಂದನು. ತಂದೆ ಯುದ್ಧಕ್ಕೆ ಹೋಗಿ ಹಿಂದಿರುಗದ, ಮನೆಯಲ್ಲಿ ಅನುಕೂಲವಿಲ್ಲದ ಹುಡುಗ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂಬ ಕೊಪರ್ನಿಕಸ್ಸನ ಸಿದ್ಧಾಂತವನ್ನು ಗುರುವಾದ ಮೆಸ್ಟ್ಲಿನ್ನನಿಂದ ಇಲ್ಲಿಯೇ ಕಲಿತನು. ಗ್ರಹಗಳ ಗತಿಯ ನಿಯಮಗಳನ್ನು ಲೋಕಕ್ಕೆ ಕೊಟ್ಟವನು ಅವನೇ. ಅಲ್ಲಿಂದ ಇನ್ನೂರು ವರ್ಷಗಳ ಮೇಲೆ, 1790 ರಲ್ಲಿ, ಹೆಗೆಲ್, ಶೆಲ್ಲಿಂಗ್, ಹ್ಯೋಲ್ಡರ್ಲಿನ್ ಎಂಬ ಮೂವರು ಇದೇ ನಿಲಯದ ಒಂದೇ ಕೋಣೆಯಲ್ಲಿದ್ದರು. ಮೊದಲಿಬ್ಬರು ಜಗತ್ತಿನ ತತ್ತ್ವಜ್ಞಾನದ ದಿಕ್ಕನ್ನೇ ಬದಲಿಸಿದರು. ಮೂರನೆಯವನು ಜರ್ಮನ್ ಭಾಷೆಯ ಮಹಾಕವಿಗಳಲ್ಲಿ ಒಬ್ಬನಾದನು. ಶೆಲ್ಲಿಂಗ್ ಬಂದಾಗ ಅವನಿಗೆ ಕೇವಲ ಹದಿನೈದು ವರ್ಷ.

ಆ ಅಂಗಳದಲ್ಲಿ ನಿಂತಾಗ ನಮ್ಮ ಕಿವಿಯಲ್ಲಿ ಮಠದ ಪ್ರಸಾದದ ಗಂಟೆ ಬಾರಿಸಿದಂತಾಯಿತು. ನಾವೂ ಮಠದ ಅನ್ನವನ್ನುಂಡು ಬೆಳೆದವರು. ಹೆಗಲಿಗೆ ಜೋಳಿಗೆ ಹಾಕಿಕೊಂಡು ಕಂತಿಭಿಕ್ಷೆಗೆ ಮನೆಮನೆಗೆ ಹೋದವರು. ರೊಟ್ಟಿ ನೀಡಿದ ತಾಯಂದಿರ ಹೆಸರುಗಳು ಮರೆತಿವೆ, ಬಳೆಗಳ ಸದ್ದು ಮರೆತಿಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳು 1909 ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಕಟ್ಟಿದ್ದೂ, 2019 ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು ಸಾವಿರಾರು ಮಕ್ಕಳನ್ನು ಜಾತಿಮತ ಕೇಳದೆ ಸಾಕಿ ಓದಿಸಿದ್ದೂ ಇದೇ ತತ್ತ್ವದ ಮೇಲೆ. ಅರಿವು ಗ್ರಂಥಗಳಿಂದ ಬರುವುದಕ್ಕಿಂತ ಮೊದಲು ಅನ್ನದ ಗಂಗಾಳದಿಂದ ಬರುತ್ತದೆ. ಹಸಿದ ಹುಡುಗನಿಗೆ ವ್ಯಾಕರಣ ಹತ್ತುವುದಿಲ್ಲ.

ಅದೇ ಮಾತನ್ನು ಊರ ಮೇಲಣ ಕೋಟೆಯೂ ಹೇಳಿತು. ಅಲ್ಲಿಯ ಹಳೆಯ ಅಡುಗೆಮನೆಯನ್ನು ವಿಶ್ವವಿದ್ಯಾಲಯದವರು ಹಿಂದೆ ರಸಾಯನ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡಿದ್ದರು. ಫ್ರೀಡ್ರಿಕ್ ಮೀಷರ್ ಎಂಬ ತರುಣನು ಆಸ್ಪತ್ರೆಯಿಂದ ತರಿಸಿದ ಗಾಯದ ಬಟ್ಟೆಗಳ ಕೀವಿನಿಂದ 1869 ರಲ್ಲಿ ಒಂದು ಹೊಸ ಪದಾರ್ಥವನ್ನು ಬೇರ್ಪಡಿಸಿದನು. ಇಂದು ಡಿಎನ್ಎ ಎಂದು ಮಕ್ಕಳ ಪಠ್ಯದಲ್ಲಿ ಬರುವ ವಸ್ತು ಮೊದಲು ಮನುಷ್ಯನ ಕೈಗೆ ಸಿಕ್ಕಿದ್ದು ಆ ಅಡುಗೆಮನೆಯಲ್ಲಿ. ಕಾಯಕಕ್ಕೆ ಕೀಳು ಮೇಲೆಂಬುದಿಲ್ಲ. ಕೀವನ್ನು ಹೇಸದೆ ಮುಟ್ಟಿದವನಿಗೆ ಜೀವದ ಗುಟ್ಟು ದೊರೆಯಿತು.

ಮುಚ್ಚಿದ್ದ ಬಾಗಿಲುಗಳು

ಹೊಗಳಿಕೆಯೊಂದನ್ನೇ ಬರೆದರೆ ಸತ್ಯಕ್ಕೆ ಲೋಪವಾಗುತ್ತದೆ. ಈ ವಿಶ್ವವಿದ್ಯಾಲಯವನ್ನು 1477 ರಲ್ಲಿ ಸ್ಥಾಪಿಸಿದವನು ಎಬರ್ಹಾರ್ಡ್ ಎಂಬ ದೊರೆ. ಉದ್ದನೆಯ ಗಡ್ಡ ಬಿಟ್ಟಿದ್ದುದರಿಂದ ‘ಗಡ್ಡದ ಎಬರ್ಹಾರ್ಡ್’ ಎಂದೇ ಜನ ಅವನನ್ನು ಕರೆದರು. ವಿದ್ಯೆಗೆ ಬಾಗಿಲು ತೆರೆದ ಅದೇ ವರ್ಷ ಅವನು ಯೆಹೂದ್ಯರನ್ನು ಊರಿನಿಂದ ಹೊರಹಾಕಿದನು. ಅವರು ವಾಸವಾಗಿದ್ದ ಓಣಿಗೆ ಮಾತ್ರ ಇಂದಿಗೂ ಅವರ ಹೆಸರೇ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೆಹೂದ್ಯರು ಮರಳಿ ಬಂದು 1882 ರಲ್ಲಿ ತಮ್ಮ ಪ್ರಾರ್ಥನಾ ಮಂದಿರವನ್ನು ಕಟ್ಟಿಕೊಂಡರು. 1938 ರ ನವೆಂಬರ್ 9 ರ ರಾತ್ರಿ ಹಿಟ್ಲರನ ಅನುಯಾಯಿಗಳು ಅದಕ್ಕೆ ಬೆಂಕಿಯಿಟ್ಟರು. ಆ ಸ್ಥಳದಲ್ಲಿ 2000 ದಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿದ್ದಾರೆ. ನಾವು ಅಲ್ಲಿ ಸ್ವಲ್ಪ ಹೊತ್ತು ಮೌನವಾಗಿ ನಿಂತೆವು. ಪಂಡಿತರ ಊರಿನಲ್ಲಿಯೂ ಇದು ನಡೆಯಿತು. ಪಾಂಡಿತ್ಯವಿದ್ದ ಮಾತ್ರಕ್ಕೆ ದಯೆ ಇರುವುದೆಂಬ ಭರವಸೆಯಿಲ್ಲ.

ಹೆಣ್ಣುಮಕ್ಕಳ ಕಥೆಯೂ ಹೀಗೆಯೇ. ಮಾರಿಯಾ ಫಾನ್ ಲಿಂಡೆನ್ ಎಂಬಾಕೆ 1892 ರಲ್ಲಿ ವಿಶೇಷ ಅಪ್ಪಣೆ ಪಡೆದು ಇಲ್ಲಿಯ ತರಗತಿಗಳಲ್ಲಿ ಕುಳಿತಳು. ಎಲ್ಲ ಹೆಣ್ಣುಮಕ್ಕಳಿಗೂ ಕ್ರಮಬದ್ಧವಾಗಿ ಪ್ರವೇಶ ದೊರೆತದ್ದು 1904 ರಲ್ಲಿ. ಸ್ಟಿಫ್ಟ್ ನಿಲಯದಲ್ಲಿ ಅವರಿಗೆ ಎಡೆಯಾದದ್ದು 1969 ರಲ್ಲಿ. ನಮ್ಮೊಡನಿದ್ದ ತಮ್ಮನ ಮೊಮ್ಮಗಳಿಗೆ ಹನ್ನೊಂದು ವರ್ಷ. ಜರ್ಮನ್ ಫಲಕಗಳನ್ನೆಲ್ಲ ಓದಿ ನಮಗೆ ಕನ್ನಡದಲ್ಲಿ ಹೇಳುವ ಕೆಲಸ ಅವಳದೇ ಆಗಿತ್ತು. “ಅಜ್ಜಾ, ನಿಮ್ಮ ಮಠದಾಗ ಹುಡುಗಿಯರು ಓದುತ್ತಿದ್ದರೇನು?” ಎಂದು ಅವಳು ಕೇಳಿದಳು. ನಮ್ಮ ಕಾಲದಲ್ಲಿ ಇರಲಿಲ್ಲವೆಂದು ಒಪ್ಪಿಕೊಳ್ಳಬೇಕಾಯಿತು. ಅಕ್ಕಮಹಾದೇವಿಯ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ನಾವು ಅಕ್ಕನ ವಯಸ್ಸಿನ ಹುಡುಗಿಯೊಬ್ಬಳು ಪಂಕ್ತಿಯಲ್ಲಿ ಇಲ್ಲವೆಂಬುದನ್ನು ಗಮನಿಸಿರಲೇ ಇಲ್ಲ.

ಬಡಿಗನ ಮನೆಯ ಅತಿಥಿ

ಎರಡನೆಯ ದಿನ ನದಿಯ ದಂಡೆಯ ಹಳದಿ ಗೋಪುರದ ಮನೆಗೆ ಹೋದೆವು. ಮುಂದೆ ಜೋಲುವ ವಿಲೋ ಮರ, ಕೆಳಗೆ ನೀರು. ಸ್ಟಿಫ್ಟ್ ನಿಲಯದ ಆ ಮೂವರು ಗೆಳೆಯರಲ್ಲಿ ಕವಿಯಾದ ಹ್ಯೋಲ್ಡರ್ಲಿನ್ ತನ್ನ ಬಾಳಿನ ಅರ್ಧವನ್ನು ಕಳೆದದ್ದು ಇಲ್ಲಿ. ನಡುವಯಸ್ಸಿನಲ್ಲಿ ಅವನ ಚಿತ್ತ ಕದಡಿತು. 1806 ರಲ್ಲಿ ಅವನನ್ನು ಇದೇ ಊರಿನ ಚಿಕಿತ್ಸಾಲಯಕ್ಕೆ ಸೇರಿಸಿದರು. ಏಳೆಂಟು ತಿಂಗಳ ಬಳಿಕ, ರೋಗ ವಾಸಿಯಾಗುವಂಥದಲ್ಲ, ಹೆಚ್ಚೆಂದರೆ ಮೂರು ವರ್ಷ ಬದುಕಿಯಾನು ಎಂದು ಹೇಳಿ ಹೊರಗೆ ಕಳಿಸಿದರು. ಆ ಚಿಕಿತ್ಸಾಲಯಕ್ಕೆ ಮರಗೆಲಸಕ್ಕೆ ಹೋಗುತ್ತಿದ್ದ ಎರ್ನ್ಸ್ಟ್ ಜಿಮ್ಮರ್ ಎಂಬ ಬಡಿಗನು ಹ್ಯೋಲ್ಡರ್ಲಿನ್ ಬರೆದ ಕಾದಂಬರಿಯನ್ನು ಓದಿ ಮೆಚ್ಚಿದ್ದನು. ಇಷ್ಟು ದೊಡ್ಡ ಮನಸ್ಸು ಹೀಗೆ ಹಾಳಾಗಬಾರದೆಂದು ಮರುಗಿ, 1807 ರಲ್ಲಿ ಕವಿಯನ್ನು ತನ್ನ ಮನೆಗೆ ಕರೆತಂದನು. ನದಿಯತ್ತ ಕಿಟಕಿಗಳುಳ್ಳ ಗೋಪುರದ ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟನು.

ಮೂರು ವರ್ಷವೆಂದು ವೈದ್ಯರು ಹೇಳಿದ್ದ ಆ ಜೀವ ಅಲ್ಲಿ 36 ವರ್ಷ ಬದುಕಿತು. ಕವಿ ಪಿಯಾನೋ ನುಡಿಸುತ್ತಿದ್ದನು, ಅಂಗಳದಲ್ಲಿ ಗಂಟೆಗಟ್ಟಲೆ ಅತ್ತಿತ್ತ ನಡೆದಾಡುತ್ತಿದ್ದನು. ನೋಡಲು ಬಂದವರಿಗೆ ನಾಲ್ಕು ಸಾಲು ಬರೆದುಕೊಟ್ಟು, ಕೆಳಗೆ ‘ಸ್ಕಾರ್ದಾನೆಲ್ಲಿ’ ಎಂಬ ಬೇರೊಂದು ಹೆಸರನ್ನೂ ಇಲ್ಲದ ತಾರೀಖನ್ನೂ ಹಾಕುತ್ತಿದ್ದನು. ಅವನ ಊಟ ವಸತಿಯ ಖರ್ಚಿಗೆ ಬಂಧುಗಳ ಕಡೆಯಿಂದ ಹಣ ಬರುತ್ತಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ಆದರೆ ಮೂರು ದಶಕಗಳ ಕಾಲ ಸಿಡಿಮಿಡಿಗಳನ್ನು ಸಹಿಸಿ, ಜ್ವರ ಬಂದಾಗ ಬಳಿಯಲ್ಲಿ ಕುಳಿತು, ಅವನ ಯೋಗಕ್ಷೇಮವನ್ನು ತಾಯಿಗೆ ಪತ್ರ ಬರೆದು ತಿಳಿಸುತ್ತಿದ್ದ ಮನಸ್ಸಿಗೆ ಯಾವ ಹಣವೂ ಬೆಲೆಯಾಗಲಾರದು. ಜಿಮ್ಮರ್ 1838 ರಲ್ಲಿ ತೀರಿಕೊಂಡ ಮೇಲೆ ಮಗಳು ಲೊಟ್ಟೆ ಆ ಹೊಣೆಯನ್ನು ಹೊತ್ತಳು. 1843 ರ ಜೂನ್ 7 ರಂದು ಕವಿಯ ಪ್ರಾಣ ಹೋಗುವವರೆಗೂ ಅವಳು ಕೈಬಿಡಲಿಲ್ಲ. ಆ ಗೋಪುರ 1875 ರಲ್ಲಿ ಬೆಂಕಿಗೆ ಸಿಕ್ಕಿತು. ಈಗಿರುವುದು ಆ ಬಳಿಕ ಕಟ್ಟಿದ್ದು.

ಫಲಕವನ್ನು ಓದಿ ಹೇಳಿದ ಹುಡುಗಿ ಒಂದು ಕ್ಷಣ ತಡೆದು, “ಅಜ್ಜಾ, ಆ ಬಡಿಗರು ಇವರಿಗೆ ಏನಾಗಬೇಕು?” ಎಂದಳು.

“ಏನೂ ಆಗಬೇಕಾಗಿಲ್ಲವ್ವ” ಎಂದೆವು.

“ಮತ್ತ್ಯಾಕ ಇಟಗೊಂಡರು?”

ನಾವು ಉತ್ತರ ಕೊಡಲಿಲ್ಲ. ಕಾರಣವನ್ನು ಇಲ್ಲಿ ಬರೆಯುವೆವು.

ಮಠದ ನಿಲಯದಲ್ಲಿ ನಾವೂ ಮೂವರು ಒಂದೇ ಕೋಣೆಯಲ್ಲಿದ್ದೆವು. ಛಂದಸ್ಸಿನಲ್ಲಿ ನಮಗಿಂತ ಮುಂದಿದ್ದ ಒಬ್ಬ ಗೆಳೆಯನಿದ್ದನು. ಷಟ್ಪದಿಯನ್ನು ಮಾತನಾಡಿದಷ್ಟು ಸಲೀಸಾಗಿ ಕಟ್ಟುತ್ತಿದ್ದನು. ಗುರುಗಳು ನಮ್ಮ ಪದ್ಯಗಳನ್ನು ತಿದ್ದಲು ಅವನಿಗೇ ಕೊಡುತ್ತಿದ್ದರು. ಓದು ಮುಗಿದು ನಾವು ಕೆಲಸಕ್ಕೆ ಸೇರಿ ಸಂಸಾರಸ್ಥರಾದೆವು. ಅವನ ಬುದ್ಧಿ ಕೆಟ್ಟಿತೆಂದು ಸುದ್ದಿ ಬಂದಿತು. ಒಂದು ದಿನ ಸಂಜೆ ಅವನು ನಮ್ಮ ಬಾಗಿಲಿಗೆ ಬಂದನು. ಗಡ್ಡ ಬೆಳೆದಿತ್ತು, ಕಾಲಲ್ಲಿ ಕೆರವಿರಲಿಲ್ಲ. ಬಗಲಲ್ಲಿ ಕಾಗದದ ಕಟ್ಟೊಂದಿತ್ತು. ಉಣ್ಣಲು ಕೊಟ್ಟೆವು. ರಾತ್ರಿಯೆಲ್ಲ ಗಟ್ಟಿಯಾಗಿ ಮಾತನಾಡುತ್ತಿದ್ದನು, ಮಕ್ಕಳು ಅಂಜಿದರು. ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ಆದರೂ ಮರುದಿನ ಬೆಳಗ್ಗೆ ನಾವು ಅವನನ್ನು ನಿಲ್ದಾಣಕ್ಕೆ ಕರೆದೊಯ್ದು, ಅವನ ಊರಿನ ಬಸ್ಸಿನ ಚೀಟಿಯನ್ನು ಕೈಗಿಟ್ಟು ಕಳಿಸಿಬಿಟ್ಟೆವು. ಬಸ್ಸು ಹೊರಟಾಗ ಕಿಟಕಿಯಿಂದ ಕೈಯೆತ್ತಿ ‘ಶರಣು’ ಎಂದನು. ಆಮೇಲೆ ನಾವು ಅವನನ್ನು ಕಾಣಲಿಲ್ಲ. ಆ ವರ್ಷವೇ ದಾಸೋಹತತ್ತ್ವವನ್ನು ಕುರಿತು ನಾವು ಒಂಬತ್ತು ಉಪನ್ಯಾಸಗಳನ್ನು ಮಾಡಿದ್ದೆವು.

ದಾಸೋಹವೆಂಬ ಶಬ್ದವನ್ನೇ ಕೇಳದ ಬಡಿಗನೊಬ್ಬನು ಅದನ್ನು 31 ವರ್ಷ ಆಚರಿಸಿದನು. ಅದರ ಮೇಲೆ ಭಾಷ್ಯ ಬರೆಯಬಲ್ಲ ನಾವು ಒಂದು ರಾತ್ರಿಗೆ ಮುಗಿಸಿದೆವು. ಹುಡುಗಿಗೆ ಏನೆಂದು ಉತ್ತರ ಹೇಳುವುದು?

ಕನ್ನಡಕ್ಕೆ ಬಂದವರು

ಕೊನೆಯ ದಿನವನ್ನು ನಮ್ಮ ಮೂಲ ಉದ್ದೇಶಕ್ಕೆ ಮೀಸಲಿಟ್ಟಿದ್ದೆವು. ಈ ಊರಿಗೂ ನಮ್ಮ ನುಡಿಗೂ ಇರುವ ನಂಟು ಕಿಟೆಲರೊಬ್ಬರದಲ್ಲ. 1836 ರಲ್ಲಿ ಮಂಗಳೂರಿಗೆ ಬಂದಿಳಿದ ಹರ್ಮನ್ ಮೋಗ್ಲಿಂಗ್ ಅವರು ಓದಿದ್ದು ಟ್ಯೂಬಿಂಗೆನ್ನಿನಲ್ಲಿ. 1843 ರ ಜುಲೈ 1 ರಂದು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರು ಅವರು. ತಾಳೆಗರಿಗಳಲ್ಲಿದ್ದ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತಂದ ಅವರ ಗ್ರಂಥಮಾಲೆಯಲ್ಲಿ ಭೀಮಕವಿಯು 1369 ರಲ್ಲಿ ರಚಿಸಿದ ಬಸವಪುರಾಣವೂ ಸೇರಿತ್ತು. ನಮ್ಮ ಸಮಾಜದ ಮನೆಗಳಲ್ಲಿ ಶ್ರಾವಣಮಾಸದ ಪುರಾಣಪಠನಕ್ಕೆ ಇಡುವ ಗ್ರಂಥ ಮುದ್ರಣಯಂತ್ರವನ್ನು ಮೊದಲು ಕಂಡದ್ದು ಇಲ್ಲಿ ಕಲಿತು ಬಂದವರೊಬ್ಬರ ಶ್ರಮದಿಂದ. ಮಲಯಾಳದ ನಿಘಂಟುಕಾರ ಗುಂಡರ್ಟ್ ಅವರೂ ಟ್ಯೂಬಿಂಗೆನ್ನಿನ ವಿದ್ಯಾರ್ಥಿಯೇ. ಅವರ ಹಸ್ತಪ್ರತಿಗಳು ಇಲ್ಲಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಇಗರ್ಜಿಯ ಎದುರಿನ ಚೌಕದಲ್ಲಿ ಒಂದು ಹಳೆಯ ಪುಸ್ತಕದ ಅಂಗಡಿಯನ್ನು ನೋಡಿದೆವು. ಗುಂಡರ್ಟರ ಮಗಳ ಮಗನಾದ ಹರ್ಮನ್ ಹೆಸ್ಸೆ 1895 ರಿಂದ 1899 ರವರೆಗೆ ಅಲ್ಲಿ ಪುಸ್ತಕಗಳನ್ನು ಕಟ್ಟಿಕೊಡುವ ಕೆಲಸ ಮಾಡುತ್ತಿದ್ದನು. ಮುಂದೆ 1922 ರಲ್ಲಿ ‘ಸಿದ್ಧಾರ್ಥ’ ಕಾದಂಬರಿಯನ್ನು ಬರೆದವನು ಅವನೇ.

ಈ ಪಾದ್ರಿಗಳು ನಮ್ಮ ನಾಡಿಗೆ ಬಂದ ಉದ್ದೇಶ ತಮ್ಮ ಮತದ ಪ್ರಚಾರವಾಗಿತ್ತು. ನಮ್ಮ ಧರ್ಮದ ವಿಷಯವಾಗಿ ಅವರು ಬರೆದದ್ದೆಲ್ಲವನ್ನೂ ನಾವು ಒಪ್ಪಬೇಕಾಗಿಲ್ಲ; ಒಪ್ಪಿಯೂ ಇಲ್ಲ. ಆದರೆ ಕಿಟೆಲರು 1853 ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ನಮ್ಮ ದೇಶಕ್ಕೆ ಬಂದು, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ನಮ್ಮವರ ಬಾಯಿಂದ ಮಾತುಗಳನ್ನು ಕೇಳಿ, ಗಾದೆಗಳನ್ನು ಬರೆದುಕೊಂಡು, 1872 ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875 ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ, ಕಡೆಗೆ 1,700 ಪುಟಗಳಿಗೂ ಮಿಕ್ಕ ಕೋಶವನ್ನು ನಮ್ಮ ಕೈಗಿಟ್ಟರು. ಕಾಯಕವೆಂದರೆ ಇದು. ಮಾಡಿದವನ ಮತ ಯಾವುದೇ ಇರಲಿ, ಮಾಡಿದ ಕೆಲಸಕ್ಕೆ ಶರಣೆನ್ನುವುದು ಶರಣಧರ್ಮ.

ಸೇತುವೆಯ ಮೇಲೆ ನಿಂತು ಇದನ್ನೆಲ್ಲ ಹುಡುಗಿಗೆ ಹೇಳಿದೆವು. ಅವಳು ಮನೆಯಲ್ಲಿ ಕನ್ನಡ ಆಡುತ್ತಾಳೆ, ಓದಲು ಬಾರದು. ಜರ್ಮನಿಯವರು ಕನ್ನಡ ಕಲಿತದ್ದು ಹೇಗೆಂದು ಕೇಳಿದಳು. ದಿನಕ್ಕೆ ಹತ್ತು ಮಾತು ಬರೆದುಕೊಂಡು ಕಲಿತಿರಬೇಕೆಂದೆವು. ಆ ರಾತ್ರಿ ಸ್ಟಟ್‌ಗಾರ್ಟಿಗೆ ಹಿಂದಿರುಗಿದ ಮೇಲೆ, ರೊಟ್ಟಿ ಶೇಂಗಾಚಟ್ನಿಯ ಊಟ ಮುಗಿಸಿ, ಅವಳ ಪಾಠದ ಹಾಳೆಯ ಮೇಲೆ ಹತ್ತು ಅಕ್ಷರಗಳನ್ನು ಬರೆದುಕೊಟ್ಟೆವು. ಈಗ ಪ್ರತಿ ಸೋಮವಾರ ದೂರವಾಣಿಯಲ್ಲಿ ಪಾಠ ಒಪ್ಪಿಸುತ್ತಾಳೆ. ಒತ್ತಕ್ಷರಗಳಿಗೆ ಬಂದಿದ್ದಾಳೆ.

ಗೃಹಸ್ಥರಲ್ಲಿ ಒಂದು ಬಿನ್ನಹ

ಊರಿಗೆ ಮರಳಿದ ಮೇಲೆ ಭೇಟಿಯಾದವರೆಲ್ಲ ಅಲ್ಲಿ ಏನೇನು ಕಂಡಿರೆಂದು ಕೇಳುತ್ತಾರೆ. ಕಟ್ಟಡಗಳನ್ನು ಕಂಡೆವು ನಿಜ. ಆದರೆ ಆ ಊರನ್ನು ಐದುನೂರು ವರ್ಷ ನಿಲ್ಲಿಸಿದ್ದು ಎರಡು ಸಂಗತಿಗಳೆಂದು ನಮಗೆ ತೋರಿತು: ಬಡ ಹುಡುಗನಿಗೆ ಎಡೆಮಾಡಿಕೊಟ್ಟ ಒಂದು ಪಂಕ್ತಿ, ಕೆಟ್ಟ ಕಾಲದಲ್ಲಿ ತೆರೆದ ಒಂದು ಬಾಗಿಲು. ಆ ಬಾಗಿಲನ್ನು ಮುಚ್ಚಿದಾಗಲೆಲ್ಲ ಅಲ್ಲಿಯೂ ಅನ್ಯಾಯವೇ ನಡೆಯಿತು.

ಮೊದಲನೆಯದನ್ನು ನಮ್ಮ ಮಠಗಳು ನಡೆಸಿಕೊಂಡು ಬಂದಿವೆ. ನಾವು ಕಾಣಿಕೆ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಎರಡನೆಯದು ಮಠಗಳಿಂದ ಆಗುವಂಥದಲ್ಲ, ಮನೆಗಳಿಂದಲೇ ಆಗಬೇಕು. ಹಿಂದೆ ನಮ್ಮ ಊರುಗಳಲ್ಲಿ ಓದುವ ಹುಡುಗನಿಗೆ ವಾರಕ್ಕೊಂದು ಮನೆಯಲ್ಲಿ ಊಟವಿರುತ್ತಿತ್ತು. ಮನೆಗಳು ದೊಡ್ಡವಾದಂತೆ ಆ ಪದ್ಧತಿ ಸಣ್ಣದಾಯಿತು. ಇನ್ನು ಮನಸ್ಸಿನ ಕಾಯಿಲೆಯವರು ಬಂಧುಗಳಲ್ಲಿದ್ದರಂತೂ ಅವರನ್ನು ಮದುವೆ ಮುಂಜಿಗಳಿಗೆ ಕಾಣದಂತೆ ಒಳಗಿರಿಸುತ್ತೇವೆ, ಇಲ್ಲವೆ ಬಸ್ಸು ಹತ್ತಿಸುತ್ತೇವೆ. ಅದೂ ಒಂದು ರೋಗ, ಅದಕ್ಕೂ ವೈದ್ಯರಿದ್ದಾರೆ, ಔಷಧವಿದೆ. ಔಷಧದ ಜೊತೆಗೆ ಒಂದು ಕೋಣೆಯೂ ಒಂದು ತುತ್ತೂ ಬೇಕು.

ನಮ್ಮ ಗೆಳೆಯನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವ ಕಾಲ ಕಳೆದುಹೋಗಿದೆ. ದೀಪಾವಳಿಯ ಬಳಿಕ ನಮ್ಮ ಮನೆಯ ಆ ಕೋಣೆಯಲ್ಲಿದ್ದ ಹಳೆಯ ಪುಸ್ತಕಗಳನ್ನು ತೆಗೆಸಿ ಸುಣ್ಣ ಹಚ್ಚಿಸಿದೆವು. ಹತ್ತಿರದ ಕಾಲೇಜಿನಲ್ಲಿ ಓದುವ ಹಳ್ಳಿಯ ಹುಡುಗನೊಬ್ಬನು ಈಗ ಅಲ್ಲಿದ್ದಾನೆ. ಯಾರ ಮಗನೆಂದು ನಮ್ಮ ಮನೆಯವರನ್ನು ನೆರೆಯವರು ಕೇಳಿದರಂತೆ. “ಯಾರ ಮಗನಾದರೇನು, ಇನ್ನೊಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿದರಾಯಿತು” ಎಂದು ಅವರು ಹೇಳಿದರಂತೆ. ಗೋಪುರದ ಮುಂದೆ ಹುಡುಗಿ ಕೇಳಿದ ಪ್ರಶ್ನೆಗೆ ನಾವು ಕೊಡಲಾರದೆ ಹೋದ ಉತ್ತರ ಅದೇ ಆಗಿತ್ತು.